ಕಂಟ್ರೋಲರ್ ಕಾರ್ಡ್ ಬದಲಾದರೂ ಹಾರ್ಡ್ ಡಿಸ್ಕ್‌ನ ವೇಗ ಏಕೆ ಏರಲಿಲ್ಲ?

ಪ್ರಶ್ನೆ: ಚಿಂತಾಮಣಿಯಲ್ಲಿ ಮದುವೆ, ನಾಮಕರಣಗಳ ವಿಡಿಯೊ ತೆಗೆದು ಮನೆಯ ಕಂಪ್ಯೂಟರ್‌ನಲ್ಲಿಯೇ ಎಡಿಟಿಂಗ್ ಮಾಡುತ್ತೇನೆ. ಎಚ್61 ಮದರ್‌ಬೋರ್ಡ್, 8 ಜಿಬಿ ರ‍್ಯಾಮ್, ವಿಂಡೋಸ್ 10, ವಿಡಿಯೊಗಳಿಗೆಂದು 7200 ಆರ್‌ಪಿಎಂನ 2 ಟಿಬಿ ಹಾರ್ಡ್ ಡಿಸ್ಕ್ ಇದೆ. ಬೋರ್ಡಿನ ಸಾಟಾ ಪೋರ್ಟ್‌ಗಳು (ಡಿಸ್ಕ್ ಜೋಡಿಸುವ ಕಿಂಡಿಗಳು) 3 ಗಿಗಾಬಿಟ್‌ನವು ಎಂದು ತಿಳಿದು, 6 ಗಿಗಾಬಿಟ್‌ನ ಪಿಸಿಐ ಎಕ್ಸ್‌ಪ್ರೆಸ್ ಸಾಟಾ ಕಾರ್ಡ್ ಒಂದನ್ನು ತಂದು ಹಾಕಿದೆ. ಅದರ ಚಿಪ್ ಮೇಲೆ ಎಎಸ್‌ಎಂ1061 ಎಂದಿದೆ. ಡಿಸ್ಕ್‌ನ ವೇಗ ಅಳೆಯುವ ಕ್ರಿಸ್ಟಲ್ ಡಿಸ್ಕ್ ಮಾರ್ಕ್ ತಂತ್ರಾಂಶದಲ್ಲಿ ಓದುವ ವೇಗ ಮೊದಲು ಸೆಕೆಂಡಿಗೆ 168 ಎಂಬಿ ಇತ್ತು, ಈಗ 171. ಆಗತಾನೇ ನೋಡಿ ಮುಗಿಸಿದ 3 ಜಿಬಿಯ ವಿಡಿಯೊವನ್ನು ಇನ್ನೊಂದು ಫೋಲ್ಡರ್‌ಗೆ ಕಾಪಿ ಮಾಡಿದರೆ ಮೊದಲು 1.2 ಜಿಬಿ ವೇಗ ತೋರಿಸಿ, ನೋಡುತ್ತಿದ್ದಂತೆ 120 ಎಂಬಿಗೆ ಇಳಿಯುತ್ತದೆ. ಪರೀಕ್ಷೆಯ ಕೊನೆಯ ಸಾಲಿನಲ್ಲಿ 0.6 ಎಂಬಿ ಮಾತ್ರ ಬರುತ್ತಿದೆ. ನನಗೆ ಕೊಟ್ಟಿರುವುದು ನಕಲಿ ಕಾರ್ಡೇ? ಇವುಗಳಲ್ಲಿ ಯಾವ ಅಂಕಿಯನ್ನು ನಂಬಬೇಕು? ಕಾರ್ಡ್ ಹಾಕುವ ಮೊದಲಿನ ಮತ್ತು ನಂತರದ ಎರಡೂ ಸ್ಕ್ರೀನ್‌ಶಾಟ್ ಕಳುಹಿಸಿದ್ದೇನೆ.

ಉತ್ತರ: ನೀವು ಕಳುಹಿಸಿದ ಎರಡೂ ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡು ನೋಡಿದೆ. ಕಾರ್ಡ್ ಹಾಕುವ ಮೊದಲೇ ಒಮ್ಮೆ ಅಳೆದು ಇಟ್ಟುಕೊಂಡದ್ದು ನೀವು ಮಾಡಿದ ಬಹಳ ಒಳ್ಳೆಯ ಕೆಲಸ. ಹತ್ತರಲ್ಲಿ ಒಂಬತ್ತು ಜನ ಹೊಸ ಭಾಗ ಹಾಕಿದ ಮೇಲೆ ಮಾತ್ರ ಅಳೆಯುತ್ತಾರೆ, ಆಗ ಹೋಲಿಸಿ ನೋಡಲು ಏನೂ ಉಳಿದಿರುವುದಿಲ್ಲ. ನಿಮ್ಮ ಕಾರ್ಡ್ ನಕಲಿಯೆಂದು ಹೇಳಲು ಈ ಅಂಕಿಗಳಲ್ಲಿ ಯಾವ ಆಧಾರವೂ ಇಲ್ಲ. ನಿಮ್ಮ ಮೊದಲ ಸಾಲಿನ ಅಂಕಿ ಏರದಿರುವುದು ಸಹಜ. ಆದರೆ ಅದೇ ಚಿತ್ರದಲ್ಲಿ ನಿಜವಾಗಿ ಬದಲಾಗಿರುವ ಸಾಲೊಂದಿದೆ, ಅದನ್ನು ನೀವು ಗಮನಿಸಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು 6 ಗಿಗಾಬಿಟ್ ಎಂಬ ಮಾತನ್ನು ಬಿಡಿಸಿ ನೋಡೋಣ. ಸಾಟಾ ತಂತಿಯಲ್ಲಿ 8 ಬಿಟ್‌ನ ಪ್ರತಿ ಬೈಟ್ 10 ಬಿಟ್‌ಗಳಾಗಿ ಸಾಗುತ್ತದೆ. ಆದ್ದರಿಂದ 3 ಗಿಗಾಬಿಟ್ ಪೋರ್ಟ್‌ನ ಮಿತಿ ಸೆಕೆಂಡಿಗೆ 300 ಎಂಬಿ, 6 ಗಿಗಾಬಿಟ್ ಪೋರ್ಟ್‌ನ ಮಿತಿ 600 ಎಂಬಿ. ಬಳಕೆಯಲ್ಲಿ ಹಳೆಯ ಪೋರ್ಟ್‌ನಿಂದ 270ರಿಂದ 280 ಎಂಬಿವರೆಗೆ ಬರುತ್ತದೆ. ನಿಮ್ಮ ಡಿಸ್ಕ್ ತನ್ನ ತಟ್ಟೆಗಳಿಂದ ಎತ್ತಿ ಕೊಡಬಲ್ಲದ್ದೇ 170 ಎಂಬಿಯ ಆಸುಪಾಸಿನಲ್ಲಿರುವಾಗ, ಹಳೆಯ ಪೋರ್ಟ್ ಅದಕ್ಕೆ ಎಂದೂ ಅಡ್ಡಿಯಾಗಿರಲಿಲ್ಲ. ನಮ್ಮ ಕಡೆಯ ಕೆರೆಗಳನ್ನು ನೆನಪಿಗೆ ತಂದುಕೊಳ್ಳಿ. ತೂಬಿನ ಬಾಯಿ ಇದ್ದಷ್ಟೇ ಇರುವಾಗ ಕೆಳಗಿನ ಕಾಲುವೆಯನ್ನು ಎರಡರಷ್ಟು ಅಗಲ ಮಾಡಿದರೂ ಗದ್ದೆಗೆ ಬರುವ ನೀರು ಒಂದು ಕೊಡವೂ ಹೆಚ್ಚುವುದಿಲ್ಲ. ನೀವು ಅಗಲ ಮಾಡಿದ್ದು ಕಾಲುವೆಯನ್ನು, ತೂಬು ಡಿಸ್ಕ್‌ನ ಒಳಗಿದೆ. 168ಕ್ಕೂ 171ಕ್ಕೂ ಇರುವ ವ್ಯತ್ಯಾಸಕ್ಕೆ ಅರ್ಥವಿಲ್ಲ. ಅದೇ ಪೋರ್ಟ್‌ನಲ್ಲಿ ಅದೇ ಡಿಸ್ಕನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಳೆದರೂ ಅಷ್ಟು ಏರುಪೇರು ಇದ್ದೇ ಇರುತ್ತದೆ.

ಇನ್ನು 1.2 ಜಿಬಿಯ ವಿಷಯ. ಆ ಅಂಕಿ ಹಾರ್ಡ್ ಡಿಸ್ಕ್‌ನದಲ್ಲ, ರ‍್ಯಾಮ್‌ನದು. ನೀವು ಆಗತಾನೇ ನೋಡಿದ ವಿಡಿಯೊದ ಬಹುಪಾಲು ವಿಂಡೋಸ್‌ನ ಕ್ಯಾಶ್‌ನಲ್ಲಿ, ಎಂದರೆ ರ‍್ಯಾಮ್‌ನ ಬಿಡುವಿದ್ದ ಭಾಗದಲ್ಲಿ ಕುಳಿತಿತ್ತು. ಕಾಪಿ ಮಾಡಿದಾಗ ಓದುವುದೂ ಅಲ್ಲಿಂದಲೇ ನಡೆಯಿತು, ಬರೆಯುವುದನ್ನೂ ವಿಂಡೋಸ್ ಮೊದಲು ರ‍್ಯಾಮ್‌ಗೇ ತುಂಬಿಕೊಂಡು, ‘ಬರೆದಾಯಿತು’ ಎಂದು ಪರದೆಯ ಮೇಲೆ ತೋರಿಸಿತು. ಬರೆಯದೆ ಉಳಿದ ದತ್ತಾಂಶ ಒಂದು ಮಿತಿ ಮುಟ್ಟಿದ ಕೂಡಲೇ ಅದು ನಿಮ್ಮನ್ನು ತಡೆದು ಡಿಸ್ಕ್‌ನ ನಿಜವಾದ ವೇಗಕ್ಕೆ ಇಳಿಸಿತು. ಪಟ್ಟಿ ಪೂರ್ತಿ ಹಸಿರಾದ ಮೇಲೂ ಡಿಸ್ಕ್‌ನ ದೀಪ ಕೆಲವು ಸೆಕೆಂಡು ಮಿನುಗುತ್ತಿರುವುದನ್ನು ನೀವು ನೋಡಿರಬಹುದು. ಉಳಿದ ದತ್ತಾಂಶ ತಟ್ಟೆಗೆ ಇಳಿಯುತ್ತಿರುವುದು ಆಗ. ಆದ್ದರಿಂದ ಫೈಲ್ ಕಾಪಿ ಮಾಡಿಯೇ ಅಳೆಯುವುದಾದರೆ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ರ‍್ಯಾಮ್‌ನ ಎರಡರಷ್ಟು, ಎಂದರೆ ನಿಮ್ಮಲ್ಲಿ 16 ಜಿಬಿಗಿಂತ ದೊಡ್ಡದಾದ ಫೈಲ್ ಒಂದನ್ನು ಬೇರೆ ಡಿಸ್ಕ್‌ನಿಂದ ತಂದು, ಗಡಿಯಾರ ಹಿಡಿದು ಅಳೆಯಬೇಕು. ಆಗಲೂ ಎರಡು ಡಿಸ್ಕ್‌ಗಳಲ್ಲಿ ನಿಧಾನವಾದದ್ದರ ವೇಗವೇ ಕಾಣುವುದೆಂಬುದು ನೆನಪಿನಲ್ಲಿರಲಿ. ಕ್ರಿಸ್ಟಲ್ ಡಿಸ್ಕ್ ಮಾರ್ಕ್ ವಿಂಡೋಸ್‌ನ ಕ್ಯಾಶನ್ನು ಬದಿಗಿಟ್ಟು ಅಳೆಯುವುದರಿಂದ ಅದರ ಅಂಕಿಯೇ ಹೆಚ್ಚು ನಂಬಿಕೆಗೆ ಅರ್ಹ. ಲಿನಕ್ಸ್ ಬಳಸುವವರು ಎಚ್‌ಡಿಪಾರ್ಮ್ ಆದೇಶದಲ್ಲಿ ದೊಡ್ಡ ‘ಟಿ’ ಹಾಕಿ, ಬಂದ ಸಾವಿರಾರು ಎಂಬಿಯನ್ನು ಡಿಸ್ಕ್‌ನ ವೇಗವೆಂದು ತಿಳಿಯುವುದೂ ಇದೇ ಬಗೆಯ ತಪ್ಪು. ದೊಡ್ಡ ‘ಟಿ’ ಕ್ಯಾಶನ್ನು ಅಳೆಯುತ್ತದೆ, ಚಿಕ್ಕ ‘ಟಿ’ ಡಿಸ್ಕನ್ನು ಅಳೆಯುತ್ತದೆ.

ನಿಮ್ಮನ್ನು ಹೆಚ್ಚು ಗಾಬರಿಗೊಳಿಸಿರುವ 0.6 ಎಂಬಿ ನನ್ನ ದೃಷ್ಟಿಯಲ್ಲಿ ಈ ಇಡೀ ಪರೀಕ್ಷೆಯ ಅತ್ಯಂತ ಪ್ರಾಮಾಣಿಕವಾದ ಅಂಕಿ. ಆ ಸಾಲಿನಲ್ಲಿ ಡಿಸ್ಕ್ 4 ಕೆಬಿಯ ಸಣ್ಣ ತುಣುಕುಗಳನ್ನು ಅಲ್ಲೊಂದು ಇಲ್ಲೊಂದರಂತೆ, ಒಂದು ಮುಗಿದ ಮೇಲೆ ಇನ್ನೊಂದನ್ನು ಹುಡುಕಿ ಓದುತ್ತದೆ. ನಿಮಿಷಕ್ಕೆ 7200 ಸುತ್ತು ಎಂದರೆ ಒಂದು ಸುತ್ತಿಗೆ 8.33 ಮಿಲಿಸೆಕೆಂಡು. ಬೇಕಾದ ತುಣುಕು ಹೆಡ್‌ನ, ಎಂದರೆ ತಟ್ಟೆಯಿಂದ ಓದುವ ಭಾಗದ, ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಸುಮಾರು 4.2 ಮಿಲಿಸೆಕೆಂಡು ಕಾಯಬೇಕು. ಇದನ್ನು ಯಾವ ಕಂಟ್ರೋಲರ್ (ಡಿಸ್ಕನ್ನು ನಡೆಸುವ ಚಿಪ್) ಕೂಡ ಕಡಿಮೆ ಮಾಡಲಾರದು, ಏಕೆಂದರೆ ಇದು ತಿರುಗುವ ತಟ್ಟೆಯ ಲೆಕ್ಕ. ನಿಮ್ಮ 0.6 ಎಂಬಿಯನ್ನು 4 ಕೆಬಿಯ ತುಣುಕುಗಳಾಗಿ ಭಾಗಿಸಿದರೆ ಸೆಕೆಂಡಿಗೆ ಸುಮಾರು 146 ಓದುಗಳಾಗುತ್ತವೆ, ಎಂದರೆ ಒಂದೊಂದಕ್ಕೆ 6.8 ಮಿಲಿಸೆಕೆಂಡು. ಅದರಲ್ಲಿ 4.2 ತಟ್ಟೆ ತಿರುಗಲು ಹೋಯಿತು, ಉಳಿದ 2.6 ಹೆಡ್ ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯಲು ಹೋಯಿತು. ಇದು ಚೆನ್ನಾಗಿರುವ ಡಿಸ್ಕ್‌ನ ಲಕ್ಷಣ. ನಿಜ ಹೇಳಬೇಕೆಂದರೆ ಇದೂ ಸ್ವಲ್ಪ ಉದಾರವಾದ ಅಂಕಿಯೇ. ಪರೀಕ್ಷೆಯ 1 ಜಿಬಿ ಫೈಲ್ ನಿಮ್ಮ 2 ಟಿಬಿ ಡಿಸ್ಕ್‌ನಲ್ಲಿ ಒಂದು ಸಣ್ಣ ಪಟ್ಟಿಯಷ್ಟೇ ಜಾಗ ಹಿಡಿಯುವುದರಿಂದ ಹೆಡ್ ದೂರ ಹೋಗಬೇಕಾಗಿ ಬರಲಿಲ್ಲ. ಡಿಸ್ಕ್‌ನ ಉದ್ದಗಲಕ್ಕೂ ಓಡಾಡಿಸಿದರೆ ಹೆಡ್ ಸರಿಯಲು ಸರಾಸರಿ 8ರಿಂದ 9 ಮಿಲಿಸೆಕೆಂಡು ಬೇಕಾಗಿ, ಇದೇ ಅಂಕಿ 0.3 ಎಂಬಿಗೆ ಇಳಿಯುತ್ತದೆ.

ಈಗ ನೀವು ಗಮನಿಸದ ಸಾಲಿಗೆ ಬರುತ್ತೇನೆ. ಕೊನೆಯದಕ್ಕಿಂತ ಹಿಂದಿನ, ಎಂದರೆ ಮೂರನೆಯ ಸಾಲನ್ನು ನೋಡಿ. ಅದರ ಹೆಸರಿನಲ್ಲಿ ‘ಕ್ಯೂ32’ ಎಂದಿದೆ. ಕಾರ್ಡ್ ಹಾಕುವ ಮೊದಲು ಅಲ್ಲಿ 0.66 ಇತ್ತು, ಈಗ 1.70 ಇದೆ. ಎರಡೂವರೆ ಪಟ್ಟು ಏರಿಕೆ. ಈ ಸಾಲಿನಲ್ಲಿಯೂ ಅದೇ 4 ಕೆಬಿಯ ತುಣುಕುಗಳೇ, ಆದರೆ ಒಂದೊಂದಾಗಿ ಅಲ್ಲ, 32 ಬೇಡಿಕೆಗಳನ್ನು ಒಟ್ಟಿಗೆ ಡಿಸ್ಕ್‌ನ ಮುಂದಿಡುತ್ತದೆ. ಊರೂರಿನ ಡೇರಿಯಿಂದ ಹಾಲು ಎತ್ತುವ ವ್ಯಾನಿನ ಚಾಲಕನಿಗೆ ಎಲ್ಲ ಊರುಗಳ ಪಟ್ಟಿಯನ್ನು ಬೆಳಿಗ್ಗೆಯೇ ಕೊಟ್ಟರೆ ಆತ ದಾರಿಯಲ್ಲಿ ಸಿಗುವ ಕ್ರಮದಲ್ಲಿ ಮುಗಿಸಿಕೊಂಡು ಬರುತ್ತಾನೆ. ಒಂದು ಊರಿನ ಹಾಲು ತಂದ ಮೇಲೆಯೇ ಮುಂದಿನ ಊರಿನ ಹೆಸರು ಹೇಳಿದರೆ ದಿನವೆಲ್ಲ ಹಿಂದಕ್ಕೂ ಮುಂದಕ್ಕೂ ಅಲೆಯುತ್ತಾನೆ. ಬೇಡಿಕೆಗಳ ಪಟ್ಟಿಯನ್ನು ಇಟ್ಟುಕೊಂಡು ತನಗೆ ಅನುಕೂಲವಾದ ಕ್ರಮದಲ್ಲಿ ಪೂರೈಸುವ ಈ ಸೌಲಭ್ಯಕ್ಕೆ ಎನ್‌ಸಿಕ್ಯೂ ಎನ್ನುತ್ತಾರೆ. ಅದು ಡಿಸ್ಕ್‌ನಲ್ಲಿ ಇದ್ದರಷ್ಟೇ ಸಾಲದು, ಕಂಟ್ರೋಲರ್ ಇದಕ್ಕೆ ಅವಕಾಶ ಕೊಡುವ ಎಎಚ್‌ಸಿಐ ವಿಧಾನದಲ್ಲಿ ನಡೆಯುತ್ತಿರಬೇಕು. ಹಳೆಯ ಐಡಿಇ ವಿಧಾನದಲ್ಲಿ ನಡೆಯುತ್ತಿದ್ದರೆ ಬೇಡಿಕೆಗಳು ಒಂದೊಂದಾಗಿಯೇ ಹೋಗುತ್ತವೆ. ನಿಮ್ಮ ಮೊದಲ ಚಿತ್ರದಲ್ಲಿ ಮೂರನೆಯ ಸಾಲೂ ನಾಲ್ಕನೆಯ ಸಾಲೂ ಹೆಚ್ಚು ಕಡಿಮೆ ಒಂದೇ ಆಗಿರುವುದನ್ನು ಕಂಡ ಕೂಡಲೇ ನಿಮ್ಮ ಬೋರ್ಡ್‌ನ ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್‌ಗಳಲ್ಲಿ) ಸಾಟಾ ಇಷ್ಟು ವರ್ಷ ಐಡಿಇ ವಿಧಾನದಲ್ಲಿಯೇ ಇತ್ತೆಂದು ನನಗೆ ಅನ್ನಿಸಿತು. ಹೊಸ ಕಾರ್ಡ್ ಎಎಚ್‌ಸಿಐ ವಿಧಾನದಲ್ಲಿ ಕೆಲಸ ಮಾಡುತ್ತದೆ. ನಿಮಗೆ ಸಿಕ್ಕಿದ ಲಾಭ 6 ಗಿಗಾಬಿಟ್‌ನದಲ್ಲ, ಇದರದು.

ಇದನ್ನು ಹೇಳಲು ನನಗೆ ಸ್ವಲ್ಪ ಬೇಸರವೇ ಆಗುತ್ತದೆ, ಆದರೆ ಹೇಳದಿದ್ದರೆ ತಪ್ಪಾಗುತ್ತದೆ: ಎಚ್61 ಚಿಪ್‌ಸೆಟ್‌ನಲ್ಲಿ ಎಎಚ್‌ಸಿಐ ಮೊದಲಿನಿಂದಲೂ ಇದೆ, ಆದ್ದರಿಂದ ಇದೇ ಲಾಭ ದುಡ್ಡು ಖರ್ಚಿಲ್ಲದೆ ಸಿಗುತ್ತಿತ್ತು. ಡಿವೈಸ್ ಮ್ಯಾನೇಜರ್ ತೆರೆದು ಐಡಿಇ ಎಟಿಎ ಕಂಟ್ರೋಲರ್‌ಗಳ ಪಟ್ಟಿಯನ್ನು ಬಿಡಿಸಿ ನೋಡಿ. ಬೋರ್ಡ್‌ನ ಕಂಟ್ರೋಲರ್ ಹೆಸರಿನಲ್ಲಿ ಎಎಚ್‌ಸಿಐ ಎಂದಿಲ್ಲದಿದ್ದರೆ ನನ್ನ ಊಹೆ ಸರಿ. ಹಾಗೆಂದು ನೇರವಾಗಿ ಬಯಾಸ್‌ಗೆ ಹೋಗಿ ಬದಲಾಯಿಸಬೇಡಿ. ವಿಂಡೋಸ್ ಐಡಿಇ ಡ್ರೈವರ್‌ನೊಂದಿಗೆ ಇನ್‌ಸ್ಟಾಲ್ ಆಗಿರುವುದರಿಂದ ನೀಲಿ ಪರದೆ ಬಂದು ಬೂಟ್ ಆಗದೆ ನಿಲ್ಲುವ ಸಾಧ್ಯತೆ ಇದೆ. ಮೊದಲು ವಿಂಡೋಸ್‌ನ ಎಂಎಸ್‌ಕಾನ್‌ಫಿಗ್ ಎಂಬ ಸಾಧನದಲ್ಲಿ ‘ಸೇಫ್ ಬೂಟ್’ಗೆ ಗುರುತು ಹಾಕಿ ರೀಸ್ಟಾರ್ಟ್ ಮಾಡಿ, ಆ ರೀಸ್ಟಾರ್ಟ್‌ನಲ್ಲಿಯೇ ಬಯಾಸ್‌ಗೆ ಹೋಗಿ ಎಎಚ್‌ಸಿಐ ಆರಿಸಿ. ಸೇಫ್ ಮೋಡ್‌ನಲ್ಲಿ ವಿಂಡೋಸ್ ಹೊಸ ಡ್ರೈವರ್ ಹಾಕಿಕೊಂಡ ಮೇಲೆ ಗುರುತನ್ನು ತೆಗೆದು ಮತ್ತೊಮ್ಮೆ ರೀಸ್ಟಾರ್ಟ್ ಮಾಡಿ. ಇದಕ್ಕೆ ಮೊದಲು ಗ್ರಾಹಕರ ಮದುವೆ ವಿಡಿಯೊಗಳ ಒಂದು ಪ್ರತಿ ಬೇರೆ ಡಿಸ್ಕ್‌ನಲ್ಲಿ ಇರಲಿ.

ಯಾವ ಅಂಕಿಯನ್ನು ನಂಬಬೇಕೆಂದು ಕೇಳಿದ್ದೀರಿ, ಆದ್ದರಿಂದ ಈಗ ಸರಿಯಾಗಿ ಅಳೆಯುವುದು ಹೇಗೆಂದು ನೋಡೋಣ. ನಿಮ್ಮೂರಿನ ಟೊಮೆಟೊ ಮಂಡಿಯಲ್ಲಿ ಕಾಟಾ ಸೊನ್ನೆಗೆ ನಿಂತಿದೆಯೇ ಎಂದು ನೋಡದೆ ಯಾರೂ ಬಾಕ್ಸ್ ಇಡುವುದಿಲ್ಲ. ಇಲ್ಲಿಯೂ ಹಾಗೆಯೇ, ಎರಡು ಅಳತೆಗಳ ನಡುವೆ ಒಂದೇ ಒಂದು ಸಂಗತಿ ಬದಲಾಗಿರಬೇಕು. ಒಂದೇ ದಿನ, ಡಿಸ್ಕ್ ಅರ್ಧ ಗಂಟೆ ನಡೆದು ಬಿಸಿಯಾದ ಮೇಲೆ, ಮೊದಲು ಬೋರ್ಡ್‌ನ ಪೋರ್ಟ್‌ನಲ್ಲಿ, ಆಮೇಲೆ ಕಾರ್ಡ್‌ನಲ್ಲಿ, ಮತ್ತೆ ಬೋರ್ಡ್‌ನ ಪೋರ್ಟ್‌ನಲ್ಲಿ ಅಳೆಯಿರಿ. ಪ್ರತಿ ಸಲವೂ ಕಂಪ್ಯೂಟರ್ ಆಫ್ ಮಾಡಿ, ಡಿಸ್ಕ್ ಕಡೆಯ ಕೊನೆಯನ್ನು ಮುಟ್ಟದೆ ಅದೇ ಕೇಬಲ್‌ನ ಇನ್ನೊಂದು ಕೊನೆಯನ್ನು ಮಾತ್ರ ಜಾಗ ಬದಲಿಸಿ. ಮೊದಲನೆಯ ಮತ್ತು ಮೂರನೆಯ ಅಳತೆಗಳ ನಡುವೆ ಎಷ್ಟು ವ್ಯತ್ಯಾಸ ಬರುವುದೋ ಅಷ್ಟು ನಿಮ್ಮ ಅಳತೆಯ ಸಹಜ ಅಲುಗಾಟ. ಎರಡನೆಯದು ಅದಕ್ಕಿಂತ ಹೆಚ್ಚು ದೂರ ಹೋದರೆ ಮಾತ್ರ ಅದನ್ನು ಕಾರ್ಡ್‌ನ ಪರಿಣಾಮ ಎನ್ನಬಹುದು. ಕ್ರಿಸ್ಟಲ್ ಡಿಸ್ಕ್ ಮಾರ್ಕ್‌ನಲ್ಲಿ ಪರೀಕ್ಷಾ ಫೈಲ್‌ನ ಗಾತ್ರವನ್ನು 1 ಜಿಬಿಯ ಬದಲು 8 ಜಿಬಿ ಮಾಡಿಕೊಳ್ಳಿ, ಪುನರಾವರ್ತನೆ ಐದೇ ಇರಲಿ. ವೈರಸ್ ಸ್ಕ್ಯಾನ್, ಅಪ್‌ಡೇಟ್, ಎಡಿಟಿಂಗ್ ತಂತ್ರಾಂಶ ಯಾವುದೂ ಹಿಂದೆ ನಡೆಯುತ್ತಿರಬಾರದು.

ಡಿಸ್ಕ್ ಎಷ್ಟು ತುಂಬಿದೆ ಎಂಬುದೂ ಮುಖ್ಯ. ತಟ್ಟೆಯ ಹೊರ ಅಂಚಿನ ಟ್ರ್ಯಾಕ್‌ಗಳು ಉದ್ದವಾಗಿದ್ದು ಒಂದು ಸುತ್ತಿನಲ್ಲಿ ಹೆಚ್ಚು ದತ್ತಾಂಶ ಕೊಡುತ್ತವೆ. ಒಳಗೆ ಹೋದಂತೆ ವೇಗ ಇಳಿಯುತ್ತಾ ಕೊನೆಯಲ್ಲಿ ಸುಮಾರು ಅರ್ಧಕ್ಕೆ ಬರುತ್ತದೆ. ಎಚ್‌ಡಿ ಟ್ಯೂನ್ ಎಂಬ ತಂತ್ರಾಂಶದಲ್ಲಿ ಓದುವ ಪರೀಕ್ಷೆಯನ್ನು ಪೂರ್ತಿ ನಡೆಸಿದರೆ ಎಡದಿಂದ ಬಲಕ್ಕೆ ಗುಡ್ಡದ ಇಳಿಜಾರಿನಂತೆ ಬಾಗುವ ಗೆರೆ ಕಾಣುತ್ತದೆ. ಹೊಸದರಲ್ಲಿ, ಡಿಸ್ಕ್ ಖಾಲಿ ಇದ್ದಾಗ 170 ಬರುತ್ತಿದ್ದದ್ದು ಮುಕ್ಕಾಲು ತುಂಬಿದ ಮೇಲೆ 120ಕ್ಕೆ ಇಳಿದರೆ ಡಿಸ್ಕ್ ಕೆಟ್ಟಿತೆಂದು ತಿಳಿಯಬೇಡಿ, ಪರೀಕ್ಷಾ ಫೈಲ್‌ಗೆ ಒಳಗಿನ ಜಾಗ ಸಿಕ್ಕಿದೆ ಅಷ್ಟೆ. ಕಾರ್ಡ್‌ಗಳನ್ನು ಹೋಲಿಸಲು ನಾನು ಎಚ್‌ಡಿ ಟ್ಯೂನ್‌ನ ಈ ಗೆರೆಯನ್ನೇ ಹೆಚ್ಚು ನೆಚ್ಚುತ್ತೇನೆ. ಫೈಲ್ ಎಲ್ಲಿ ಬಿತ್ತೆಂಬ ಅದೃಷ್ಟದ ಆಟ ಅದರಲ್ಲಿಲ್ಲ. ಗೆರೆಯ ಎಡಭಾಗ ಇಳಿಜಾರಾಗದೆ ಸಮತಟ್ಟಾಗಿ ಕತ್ತರಿಸಿದಂತೆ ಕಂಡರೆ ಮಾತ್ರ ಪೋರ್ಟ್ ಡಿಸ್ಕನ್ನು ತಡೆಯುತ್ತಿದೆ ಎಂದರ್ಥ.

ಬರೆಯುವ ವೇಗದಲ್ಲಿ ಏನಾದರೂ ವಿಚಿತ್ರ ಕಂಡರೆ ಎರಡು ಕಡೆ ನೋಡಬೇಕು. ಕಂಟ್ರೋಲರ್ ಬದಲಾದಾಗ ಕೆಲವೊಮ್ಮೆ ಡಿಸ್ಕ್‌ನ ಪಾಲಿಸಿ ಪುಟದಲ್ಲಿ ರೈಟ್ ಕ್ಯಾಶ್‌ನ (ಬರೆಯಬೇಕಾದದ್ದನ್ನು ಮೊದಲು ತಾತ್ಕಾಲಿಕವಾಗಿ ತುಂಬಿಕೊಳ್ಳುವ ಸೌಲಭ್ಯದ) ಗುರುತು ಹೋಗಿರುತ್ತದೆ, ಆಗ ಬರೆಯುವ ವೇಗ ಕಣ್ಣಿಗೆ ಹೊಡೆಯುವಂತೆ ಕುಸಿಯುತ್ತದೆ. ಆ ಗುರುತನ್ನು ಮತ್ತೆ ಹಾಕಬಹುದು. ಆದರೆ ಅದರ ಕೆಳಗೇ ಬಫರ್ ಫ್ಲಶಿಂಗ್ ನಿಲ್ಲಿಸುವ ಇನ್ನೊಂದು ಗುರುತಿದೆ, ಅದನ್ನು ದಯವಿಟ್ಟು ಮುಟ್ಟಬೇಡಿ. ಅದರಿಂದ ಪರೀಕ್ಷೆಯ ಅಂಕಿ ಸ್ವಲ್ಪ ಏರಿದರೂ, ಎಡಿಟಿಂಗ್ ನಡುವೆ ಕರೆಂಟ್ ಹೋದರೆ ಫೈಲ್ ವ್ಯವಸ್ಥೆಯೇ ಹಾಳಾಗಬಹುದು, ಯುಪಿಎಸ್‌ನ ಬ್ಯಾಟರಿ ಯಾವಾಗ ಕೈಕೊಡುತ್ತದೆಂದು ಯಾರೂ ಹೇಳಲಾರರು. ಎರಡನೆಯದು ಎಸ್‌ಎಂಆರ್ ಡಿಸ್ಕ್‌ಗಳ ವಿಷಯ. ಇವುಗಳಲ್ಲಿ ಟ್ರ್ಯಾಕ್‌ಗಳನ್ನು ಹೆಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಬರೆದಿರುತ್ತಾರೆ. ನಡುವಿನ ಒಂದು ಹೆಂಚು ಬದಲಿಸಲು ಮೇಲಿನವನ್ನೆಲ್ಲ ಎತ್ತಬೇಕಾದಂತೆ, ಇಲ್ಲಿಯೂ ಒಂದೆಡೆ ತಿದ್ದಲು ಅಕ್ಕಪಕ್ಕದ್ದನ್ನೆಲ್ಲ ಮತ್ತೆ ಬರೆಯಬೇಕಾಗುತ್ತದೆ. ಚಿಕ್ಕ ಪರೀಕ್ಷೆಯಲ್ಲಿ ಇದು ತಿಳಿಯುವುದೇ ಇಲ್ಲ. ಒಂದು ಮದುವೆಯ ನೂರಾರು ಜಿಬಿಯನ್ನು ಒಮ್ಮೆಗೇ ತುಂಬುವಾಗ ವೇಗ ಇದ್ದಕ್ಕಿದ್ದಂತೆ ಬಿದ್ದುಹೋಗುತ್ತದೆ. ಅಂಥ ಡಿಸ್ಕ್‌ಗೆ ಎರಡು ಪರೀಕ್ಷೆಗಳ ನಡುವೆ ಬಿಡುವು ಕೊಡಬೇಕು.

ಪರೀಕ್ಷೆಗೆ ಕುಳಿತುಕೊಳ್ಳುವ ಮೊದಲೂ ಮುಗಿದ ಮೇಲೂ ಡಿಸ್ಕ್‌ನ ಸ್ಥಿತಿ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್‌ಫೊ ತಂತ್ರಾಂಶ ತೆರೆದು ಎರಡು ಸಂಗತಿಗಳನ್ನು ಬರೆದಿಟ್ಟುಕೊಳ್ಳಿ. ಒಂದು, ಟ್ರಾನ್ಸ್‌ಫರ್ ಮೋಡ್. ಅಲ್ಲಿ ನಡುವೆ ಗೆರೆಯಿರುವ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಈಗ ನಡೆಯುತ್ತಿರುವ ವೇಗ, ಎರಡನೆಯದು ಡಿಸ್ಕ್‌ಗೆ ಸಾಧ್ಯವಿರುವ ವೇಗ. ಕಾರ್ಡ್‌ನಲ್ಲಿದ್ದಾಗ ಎರಡೂ ಸಾಟಾ 600 ಎಂದಿದ್ದರೆ ನಿಮ್ಮ ಕಾರ್ಡ್ ತಾನು ಹೇಳಿಕೊಂಡ ವೇಗದಲ್ಲಿಯೇ ಕೈಜೋಡಿಸಿದೆ, ನಕಲಿಯ ಸಂಶಯ ಅಲ್ಲಿಗೆ ಮುಗಿಯುತ್ತದೆ. ಇನ್ನೊಂದು, ಪಟ್ಟಿಯಲ್ಲಿ ‘ಸಿ7’ ಎಂದಿರುವ ಸಾಲು. ಡಿಸ್ಕ್‌ಗೂ ಕಂಟ್ರೋಲರ್‌ಗೂ ನಡುವಿನ ತಂತಿಯಲ್ಲಿ ಕೆಟ್ಟು ಮತ್ತೆ ಕಳುಹಿಸಬೇಕಾಗಿ ಬಂದ ದತ್ತಾಂಶದ ಎಣಿಕೆ ಅದು. ಈ ಎಣಿಕೆ ಎಂದೂ ಹಿಂದಕ್ಕೆ ಬರುವುದಿಲ್ಲವಾದ್ದರಿಂದ ಅಲ್ಲಿ ಹಳೆಯ ಅಂಕಿಯೊಂದು ಇದ್ದರೆ ಹೆದರಬೇಕಿಲ್ಲ, ಪರೀಕ್ಷೆಯ ನಡುವೆ ಏರಿದರೆ ಮಾತ್ರ ಕೇಬಲ್ ಬದಲಿಸಬೇಕು. ಅಂಕಿಗಳು ಹದಿನಾರರ ಎಣಿಕೆಯಲ್ಲಿ ಇರುತ್ತವೆ ಎಂಬುದನ್ನೂ ಗಮನಿಸಿ. ಅಲ್ಲಿ ‘ಎ’ ಎಂದರೆ 10, ‘10’ ಎಂದರೆ 16.

ಈ ಸಾಲಿನ ಬಗ್ಗೆ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಚಿಕ್ಕಬಳ್ಳಾಪುರದ ನಮ್ಮ ಅಂಗಡಿಗೆ ಹೀಗೆಯೇ ಹೊಸ ಕಾರ್ಡ್ ಹಾಕಿದ ಯಂತ್ರವೊಂದು ಬಂದಿತ್ತು. ಐದು ಸಲ ಅಳೆದರೆ ಐದು ಬಗೆಯ ಅಂಕಿ, ಒಮ್ಮೆ 160, ಮರುಕ್ಷಣ 45. ಕಾರ್ಡ್ ಬದಲಿಸಿ ನೋಡಿದೆವು, ಡ್ರೈವರ್ ಬದಲಿಸಿದೆವು, ಏನೂ ಸರಿಹೋಗಲಿಲ್ಲ. ಆಮೇಲೆ ಕಂಡದ್ದು, ಕ್ಯಾಬಿನೆಟ್‌ನ ಪಕ್ಕದ ತಗಡು ಮುಚ್ಚಿದಾಗಲೆಲ್ಲ ಡಿಸ್ಕ್‌ನ ಹಿಂದಿನ ಕೇಬಲ್ ಒತ್ತಿ ಮಡಚಿಕೊಳ್ಳುತ್ತಿತ್ತು. ತಗಡು ತೆಗೆದಿಟ್ಟು ಅಳೆದರೆ ಎಲ್ಲ ಸರಿ, ಮುಚ್ಚಿದರೆ ಸಿ7 ಸಾಲು ನಮ್ಮ ಕಣ್ಣೆದುರೇ ಏರುತ್ತಿತ್ತು. ಮೂತಿ ಅಡ್ಡ ತಿರುಗಿರುವ ಬೇರೆ ಕೇಬಲ್ ಹಾಕಿದ ಮೇಲೆ ಐದೂ ಅಳತೆಗಳು ಒಂದೇ ಕಡೆ ನಿಂತವು.

ಹಾಗಾದರೆ ಕಾರ್ಡ್ ಯಾವ ಕೆಲಸಕ್ಕೆ ಬಂತು ಎಂದು ನೀವು ಕೇಳಬಹುದು. ನಿಮ್ಮ ಕೆಲಸದ ಲೆಕ್ಕವನ್ನೇ ಹಾಕಿ ನೋಡೋಣ. ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಚಿತ್ರೀಕರಿಸಿದ 4ಕೆ ವಿಡಿಯೊಗೆ ಬೇಕಾಗುವುದು 12.5 ಎಂಬಿ. ಮುಹೂರ್ತದ ದೃಶ್ಯಕ್ಕೆ ಮೂರು ಕ್ಯಾಮೆರಾಗಳ ವಿಡಿಯೊವನ್ನು ಒಟ್ಟಿಗೆ ಟೈಮ್‌ಲೈನ್‌ಗೆ ಹಾಕಿದರೂ 37.5 ಎಂಬಿ. ನಿಮ್ಮ 170 ಎಂಬಿಯ ಡಿಸ್ಕ್‌ಗೆ ಇದು ಭಾರವಲ್ಲ. ಆದರೂ ಟೈಮ್‌ಲೈನ್ ತಡವರಿಸುತ್ತಿದ್ದರೆ, ಪ್ರೊಸೆಸರ್ ಮತ್ತು ರ‍್ಯಾಮ್ ಒಂದು ಕಾರಣವಾದರೆ, ಇನ್ನೊಂದು ಕಾರಣ ಹೆಡ್ ಆ ಮೂರು ಫೈಲ್‌ಗಳು ಹಾಗೂ ಎಡಿಟಿಂಗ್ ತಂತ್ರಾಂಶದ ಸಣ್ಣಪುಟ್ಟ ಕ್ಯಾಶ್ ಫೈಲ್‌ಗಳ ನಡುವೆ ಅತ್ತಿಂದಿತ್ತ ಹಾರುತ್ತಿರುವುದು. ಎಂದರೆ ನಿಮಗೆ ತೊಂದರೆ ಕೊಡುತ್ತಿರುವುದು 171ರ ಸಾಲಲ್ಲ, 0.6ರ ಸಾಲು. ಅದನ್ನು ಬದಲಾಯಿಸುವ ದಾರಿ ಎಸ್‌ಎಸ್‌ಡಿ. ಸಾಧಾರಣ ಸಾಟಾ ಎಸ್‌ಎಸ್‌ಡಿ ಕೂಡ ಆ ಕೊನೆಯ ಸಾಲಿನಲ್ಲಿ 25ರಿಂದ 30 ಎಂಬಿ ಕೊಡುತ್ತದೆ, ನಿಮ್ಮ ಈಗಿನ ಅಂಕಿಯ 40 ಪಟ್ಟಿಗೂ ಹೆಚ್ಚು. ಈ ಲಾಭ ಬೋರ್ಡ್‌ನ 3 ಗಿಗಾಬಿಟ್ ಪೋರ್ಟ್‌ನಲ್ಲಿಯೂ ಬಹುಮಟ್ಟಿಗೆ ಪೂರ್ತಿ ಸಿಗುತ್ತದೆ.

ಕಾರ್ಡ್‌ನಲ್ಲಿ ಎಸ್‌ಎಸ್‌ಡಿ ಹಾಕಿದರೂ ಪೆಟ್ಟಿಗೆಯ ಮೇಲೆ ಬರೆದಿರುವ 550 ಎಂಬಿ ಬರುವುದಿಲ್ಲ ಎಂಬುದನ್ನು ಈಗಲೇ ತಿಳಿದುಕೊಂಡಿರಿ. ಎಎಸ್‌ಎಂ1061 ಪಿಸಿಐ ಎಕ್ಸ್‌ಪ್ರೆಸ್ 2.0ರ ಒಂದೇ ಲೇನ್‌ನಲ್ಲಿ, ಎಂದರೆ ದತ್ತಾಂಶದ ಒಂದೇ ದಾರಿಯಲ್ಲಿ, ಕೆಲಸ ಮಾಡುವ ಚಿಪ್. ಆ ಲೇನ್‌ನ ಮಿತಿ 500 ಎಂಬಿ, ಕೈಗೆ ಬರುವುದು 400 ಎಂಬಿಯ ಒಳಗೆ, ಅದನ್ನೂ ಎರಡು ಪೋರ್ಟ್‌ಗಳು ಹಂಚಿಕೊಳ್ಳಬೇಕು. ಎರಡು ಹಾರ್ಡ್ ಡಿಸ್ಕ್‌ಗಳಿಗೆ ಇದು ಸಾಕು, 170 ಮತ್ತು 170 ಸೇರಿ 340. ಎರಡು ಎಸ್‌ಎಸ್‌ಡಿಗಳಿಗೆ ಸಾಲದು.

ಆದ್ದರಿಂದ ಕಾರ್ಡನ್ನು ಹಿಂದಿರುಗಿಸಲು ಹೋಗಬೇಡಿ. 500 ಜಿಬಿಯ ಎಸ್‌ಎಸ್‌ಡಿಯೊಂದನ್ನು ತಂದು, ಬಯಾಸನ್ನು ಎಎಚ್‌ಸಿಐಗೆ ಬದಲಿಸಿದ ಮೇಲೆ, ಬೋರ್ಡ್‌ನ ಪೋರ್ಟ್‌ಗೆ ಹಾಕಿ ವಿಂಡೋಸನ್ನೂ ಎಡಿಟಿಂಗ್ ಕ್ಯಾಶನ್ನೂ ಅದರಲ್ಲಿಡಿ. ಇಂತಹ ಅಗ್ಗದ ಕಾರ್ಡ್‌ಗಳಲ್ಲಿ ಕೆಲವು ಬೂಟ್ ಆಗಲು ಸಹಕರಿಸುವುದಿಲ್ಲ, ಅದಕ್ಕೇ ಬೋರ್ಡ್‌ನ ಪೋರ್ಟ್ ಎಂದೆ. ಈಗಿರುವ 2 ಟಿಬಿ ಡಿಸ್ಕ್ ಕಾರ್ಡ್‌ನಲ್ಲಿಯೇ ಇರಲಿ, ಅದರ ಇನ್ನೊಂದು ಪೋರ್ಟ್‌ಗೆ ಮುಗಿದ ಕೆಲಸಗಳ ಬ್ಯಾಕಪ್ ಡಿಸ್ಕ್ ಹಾಕಿಕೊಳ್ಳಿ. ಎಲ್ಲ ಜೋಡಿಸಿ, ಕ್ಯಾಬಿನೆಟ್‌ನ ತಗಡನ್ನೂ ಮುಚ್ಚಿದ ಮೇಲೆ, ಸಿ7ರ ಅಂಕಿಯನ್ನು ಬರೆದುಕೊಂಡು ಒಂದು ಮದುವೆಯ ವಿಡಿಯೊವನ್ನು ಪೂರ್ತಿ ಎಡಿಟ್ ಮಾಡಿ ಮತ್ತೆ ನೋಡಿ. ಏರಿದ್ದರೆ, ಕಾರ್ಡ್‌ನಲ್ಲಿದ್ದ ಮತ್ತು ಬೋರ್ಡ್‌ನಲ್ಲಿದ್ದ ಎರಡೂ ಸ್ಥಿತಿಯ ಅಂಕಿಗಳನ್ನು ನನಗೆ ಬರೆದು ಕಳುಹಿಸಿ.